ಚೌಕದಲ್ಲಿ ಹಿಡಿಯುವಷ್ಟು ಊಟ

ಕರಿಮೆಣಸು ಕೊಯ್ಯುವ ಕಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ಮನೆಯವರು ಏಣಿಯ ಮಧ್ಯದಲ್ಲಿ ನಿಂತು ನಡುಗಿದರು. ನಮ್ಮ ಕಡೆಯ ಏಣಿಗೆ ಎರಡು ಕಾಲಿಲ್ಲ. ಒಂದೇ ಒಂದು ಉದ್ದ ಬಿದಿರು, ಗೆಣ್ಣಿನ ಹತ್ತಿರ ಕೊಂಬೆ ಕಡಿದು ಉಳಿಸಿದ ಗೂಟಗಳೇ ಅದರ ಮೆಟ್ಟಿಲು. ನಾನು ಕೆಳಗೆ ಬಗ್ಗಿ ಉದುರಿದ ಕಾಳು ಆರಿಸುತ್ತಿದ್ದೆ. ಕತ್ತಿನ ಮೇಲೆ ಒಂದು ಹನಿ ಬಿತ್ತು. ಎಲೆಯ ಇಬ್ಬನಿ ಎಂದುಕೊಂಡೆ. ಇನ್ನೊಂದು ಬಿತ್ತು, ಬೆಚ್ಚಗಿತ್ತು. ತಲೆಯೆತ್ತಿದರೆ ಅವರು ಮರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಣ್ಣು ಮುಚ್ಚಿದ್ದರು. ಮುಖವೆಲ್ಲ ಬೆವರು.

"ಏನಾಯ್ತು?"

"ಏನಿಲ್ಲ, ಬುಡು."

ಇಳಿಯುವುದಕ್ಕೆ ಕಾಲು ಗಂಟೆ ಹಿಡಿಯಿತು. ಒಂದೊಂದು ಗೂಟವನ್ನೂ ನಾನು ಕೆಳಗಿನಿಂದ ಹೇಳಬೇಕಾಯಿತು. ಸಕ್ಕರೆ ಹಾಕಿದ ಚಾಯ ಕುಡಿದ ಮೇಲೆ ಸರಿಹೋದರು.

ಅವರಿಗೆ ಸಕ್ಕರೆ ಕಾಯಿಲೆ ಬಂದು ಆಗಲೇ ಕೆಲವು ವರ್ಷವಾಗಿತ್ತು. ಬೆಳಿಗ್ಗೆ ಒಂದು ಮಾತ್ರೆ, ಚಾಯಕ್ಕೆ ಸಕ್ಕರೆ ಇಲ್ಲ. ಅಷ್ಟರಲ್ಲೇ ಎಲ್ಲವೂ ನಡೆಯುತ್ತಿತ್ತು. ಆಸ್ಪತ್ರೆಯ ಡಾಕ್ಟರಮ್ಮ ರಕ್ತ ನೋಡಿ, ಏರುವುದಲ್ಲ, ಕೆಲವು ದಿನ ತೀರಾ ಇಳಿಯುತ್ತಿದೆ ಎಂದರು. ಯಾಕೆ ಇಳಿಯುತ್ತದೆ ಎಂದು ಗೊತ್ತಾಗುವವರೆಗೆ ಮರ ಹತ್ತುವ ಹಾಗಿಲ್ಲ. ಏನು ತಿನ್ನುತ್ತಾರೆ, ಎಷ್ಟು, ಯಾವಾಗ, ಎಲ್ಲ ಬರೆದು ತನ್ನಿ ಎಂದರು.

ಮರ ಹತ್ತಬೇಡ ಎಂದರೆ ಅವರಿಗೆ ಏನು ಎಂಬುದನ್ನು ಹೇಳಬೇಕು. ಆ ಬಳ್ಳಿಗಳನ್ನು ಹಬ್ಬಿಸಿದ್ದು ನಮ್ಮ ಮಾವ. ಇವರು ಮೀಸೆ ಮೂಡುವ ಮೊದಲೇ ಏಣಿ ಹತ್ತಿದವರು. ಯಾವ ಮರದ ಯಾವ ಕವಲಿನಲ್ಲಿ ಗೊಂಚಲು ತಡವಾಗಿ ಬಲಿಯುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು. ಆ ವರ್ಷ ಉಳಿದ ಕೊಯ್ಲಿಗೆ ಆಳು ಬಂದರು. ಇವರು ಕೆಳಗೆ ಚೀಲ ಹಿಡಿದು ನಿಂತರು. ಮೇಲೆ ಬಳ್ಳಿ ಎಳೆದ ಸದ್ದಾದಾಗಲೆಲ್ಲ ಅವರ ದವಡೆ ಬಿಗಿಯುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಮುಂದಿನ ಕೊಯ್ಲಿಗೆ ಇವರು ಏಣಿ ಹತ್ತಬೇಕು ಎಂದು ನಾನು ಆಗಲೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡೆ.

ಹೊಳೆಯ ಈಚೆ ಮಲಯಾಳ ಸೀಮೆಯಲ್ಲಿರುವ ನಮ್ಮ ಪೆರಿಕಲ್ಲೂರಿನ ಅಂಗಡಿಯಿಂದ ದಪ್ಪ ಪುಸ್ತಕ ತಂದೆ. ಸ್ಕೇಲು ಇಟ್ಟು ಆರು ಕಾಲಂ ಎಳೆದೆ. ಶುಂಠಿ ತೂಗುವ ತಕ್ಕಡಿಯನ್ನೂ ತಂದು ಒಲೆಯ ಪಕ್ಕ ಇಟ್ಟೆ. ಮುದ್ದೆ ಕಟ್ಟಿದ್ದೇ ತೂಗುವುದು, ಬರೆಯುವುದು, ಆಮೇಲೆ ಬಡಿಸುವುದು. ಅಷ್ಟರಲ್ಲಿ ಮುದ್ದೆ ಆರಿ ಮೇಲೆ ಚರ್ಮ ಕಟ್ಟುತ್ತಿತ್ತು.

"ಶುಂಠಿ ತೂಗ್ದಂಗೆ ತೂಗ್ತೀಯಲ್ಲಮ್ಮಿ. ಮಣ್ಣು ಕೆರೆದು ತೂಗ್ತೀಯಾ, ಮಣ್ಣು ಸೇರ್ಸಿ ತೂಗ್ತೀಯಾ?" ಎಂದು ಇವರು ತಟ್ಟೆಯ ಮುಂದೆ ಕೂತು ಕೇಳುತ್ತಿದ್ದರು.

ನಮ್ಮ ಅತ್ತೆಗೆ ಅದು ತಮಾಷೆಯಾಗಿರಲಿಲ್ಲ. "ಉಣ್ಣೋನ ತುತ್ತು ಎಣಿಸ್ಬಾರ್ದು ಕಣವ್ವ. ಎಣಿಸಿದ್ರೆ ಉಂಡಿದ್ದು ಮೈಗೆ ಹತ್ತಾಕಿಲ್ಲ" ಎಂದು ದಿನವೂ ಹೇಳುತ್ತಿದ್ದರು. ನಾನು ಡಾಕ್ಟರಮ್ಮನ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಆದರೆ ನನಗೂ ಒಳಗೊಳಗೆ ಅಳುಕು. ನಾನೂ ಅದನ್ನೇ ಕೇಳಿ ಬೆಳೆದವಳು.

ಹನ್ನೆರಡು ದಿನ ಚೆನ್ನಾಗಿ ನಡೆಯಿತು. ಹದಿಮೂರನೆಯ ದಿನ ನೆಂಟರು ಬಂದರು, ಬರೆಯಲಿಲ್ಲ. ಮರುದಿನ ಎರಡು ದಿನದ್ದು ನೆನಪಿನಿಂದ ತುಂಬಿಸಲು ಕೂತೆ. ನೆನಪಾಗಲಿಲ್ಲ. ಎಲ್ಲ ಕಾಲಂನಲ್ಲೂ 'ಮುದ್ದೆ ಒಂದು' ಎಂದು ಬರೆದೆ. ಸುಳ್ಳು ಬರೆದ ಪುಟ ಎದುರಾದರೆ ಪುಸ್ತಕ ತೆರೆಯುವುದಕ್ಕೇ ಮನಸ್ಸು ಬರುವುದಿಲ್ಲ. ಮೂರನೆಯ ವಾರಕ್ಕೆ ಅದು ಅಕ್ಕಿಡಬ್ಬದ ಹಿಂದೆ ಸೇರಿತು.

ಆಮೇಲೆ ಕಾಲೇಜಿಗೆ ಹೋಗುವ ಮಗಳು ಫೋನಿನಲ್ಲಿ ಏನೋ ಒಂದು ಹಾಕಿಕೊಟ್ಟಳು. ತಿಂದದ್ದನ್ನು ಒತ್ತಿದರೆ ಸಾಕಂತೆ. ಅದಕ್ಕೆ ಮುದ್ದೆ ಗೊತ್ತಿರಲಿಲ್ಲ. ಬೇಯಿಸಿದ ಮರಗೆಣಸು, ಇಲ್ಲಿಯವರ ಬಾಯಲ್ಲಿ ಕಪ್ಪ, ಅದೂ ಗೊತ್ತಿರಲಿಲ್ಲ. "ಆಲೂಗಡ್ಡೆ ಅಂತ ಒತ್ತಮ್ಮ, ಹತ್ತಿರ ಹತ್ತಿರ ಅದೇ" ಎಂದಳು. ನಾನು ಹಾಲು ಕರೆಯುತ್ತಿದ್ದರೆ ಸೊಂಟದಲ್ಲಿ ಅದು ಗುರ್ರೆನ್ನುತ್ತಿತ್ತು, ಬೆಳಗಿನ ತಿಂಡಿ ಬರೆದಿಲ್ಲವೆಂದು. ಹಸು ಒದೆಯಿತು. ಅಲ್ಲಿಗೆ ಅದೂ ಮುಗಿಯಿತು.

ಬರಿಗೈಯಲ್ಲಿ ಡಾಕ್ಟರಮ್ಮನ ಮುಂದೆ ಹೋಗಿ ಕೂತೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನಿನ ಮುಚ್ಚಳ ಹಾಕಿ ಹೇಳಿದ್ದು ಇಷ್ಟೇ: "ಎಲ್ಲಾ ಬೇಡ ಚೇಚಿ. ಒಂದು ವರ್ಷ ತಪ್ಪದೆ ದಿನಾ ಬರೆಯಲು ಎಷ್ಟಾಗುತ್ತದೋ, ಇವತ್ತೂ ಅಷ್ಟೇ ಬರೆಯಿರಿ." ನನ್ನನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆದು ಮಲಯಾಳದಲ್ಲಿ ಹೇಳಿದ ಆ ಮಾತನ್ನು ಬಸ್ಸಿನಲ್ಲಿ ಕೂತು ಕನ್ನಡದಲ್ಲಿ ಹತ್ತು ಸಲ ತಿರುವಿ ಹಾಕಿದೆ. ವರ್ಷವಿಡೀ ನಾನು ತಪ್ಪದೆ ಬರೆಯುವುದು ಏನಾದರೂ ಇದೆಯೇ ಎಂದು ಯೋಚಿಸಿದೆ. ಇತ್ತು. ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ಹಸುವಿಗೆ ಸೂಜಿ ಹಾಕಿಸಿದ ದಿನ, ಗ್ಯಾಸ್ ಬಂದ ದಿನ, ಕೋಳಿ ಕಾವಿಗೆ ಕೂತ ದಿನ, ಎಲ್ಲ ಅದರಲ್ಲೇ.

ಒಂದೊಂದು ತಾರೀಖಿನ ಚೌಕ ನನ್ನ ಹೆಬ್ಬೆರಳಿನ ಅಗಲ. ಜಾಸ್ತಿ ಬರೆಯೋಣವೆಂದರೂ ಜಾಗವಿಲ್ಲ. ಅದೇ ಒಳ್ಳೆಯದಾಯಿತು. ಮೊದಲು ಮೇಲಿನ ರಟ್ಟಿನ ಮೇಲೆ ನಮ್ಮ ಮಾಮೂಲು ದಿನವನ್ನು ಒಮ್ಮೆ ಬರೆದೆ: ಬೆಳಿಗ್ಗೆ ಎರಡು ದೋಸೆ, ಹತ್ತು ಗಂಟೆಗೆ ಸಣ್ಣ ಬಟ್ಟಲು ಕಪ್ಪ, ಮಧ್ಯಾಹ್ನ ಒಂದು ಮುದ್ದೆ ಒಂದು ಸೌಟು ಅನ್ನ, ಸಂಜೆ ಒಂದು ಮುದ್ದೆ. ದಿನ ಹೀಗೆಯೇ ಕಳೆದರೆ ಚೌಕದಲ್ಲಿ ಒಂದು ಸರಿ ಗುರುತು, ಮುಗಿಯಿತು. ಬೇರೆಯಾದರೆ ಬೇರೆಯಾದದ್ದನ್ನು ಮಾತ್ರ ಬರೆಯುವುದು. ಡಾಕ್ಟರಮ್ಮನಿಗೆ ಕನ್ನಡ ಓದಲು ಬಾರದು, ನನಗೆ ಮಲಯಾಳ ಬರೆಯಲು ಕೈ ತಿರುಗದು. ಹಾಗಾಗಿ ಗುರುತುಗಳು. ಮುದ್ದೆಗೆ ದುಂಡು, ಅನ್ನದ ಸೌಟಿಗೆ ಗೆರೆ, ಕಪ್ಪಕ್ಕೆ ಮೂರು ಮೂಲೆ. ಮೈ ನಡುಗಿದ ದಿನಕ್ಕೆ ಕಪ್ಪು ಚುಕ್ಕೆ.

ಹೊತ್ತನ್ನೂ ಗೊತ್ತು ಮಾಡಿಕೊಂಡೆ. ಮಧ್ಯಾಹ್ನದ ಪಾತ್ರೆ ತೊಳೆದು ಕವುಚಿ, ಕೈ ಒರೆಸಿದ ಕೂಡಲೇ, ಕೂರುವ ಮೊದಲು, ಹಿಂದಿನ ಮಧ್ಯಾಹ್ನದಿಂದ ಈ ಮಧ್ಯಾಹ್ನದವರೆಗಿನದು. ಕೂತರೆ ಮರೆತೆ ಎಂದೇ ಅರ್ಥ. ಪೆನ್ಸಿಲನ್ನು ದಾರ ಕಟ್ಟಿ ಮೊಳೆಗೆ ನೇತುಹಾಕಿದೆ. ಇನ್ನೊಂದು ನಿಯಮ, ಎಲ್ಲಕ್ಕಿಂತ ಉಪಕಾರಕ್ಕೆ ಬಂದದ್ದು: ತಪ್ಪಿಹೋದ ದಿನವನ್ನು ಆಮೇಲೆ ತುಂಬಿಸಬಾರದು. ಖಾಲಿ ಚೌಕ ಸುಳ್ಳಲ್ಲ. ಮೊದಲ ತಿಂಗಳು ಒಂಬತ್ತು ಖಾಲಿ ಉಳಿದವು. ಬೇಸರವಾದರೂ ಬಿಟ್ಟೆ. ಮುಂದಿನ ತಿಂಗಳು ನಾಲ್ಕು. ಆಮೇಲಾಮೇಲೆ ಕೈ ತಾನಾಗಿಯೇ ಪೆನ್ಸಿಲಿಗೆ ಹೋಗುತ್ತಿತ್ತು.

ಅತ್ತೆ ಕೂಡ ಒಂದು ದಾರಿ ಕೊಟ್ಟರು. "ಸೌಟು ಎಣಿಸ್ಕೊ. ಅದು ಪಾತ್ರೆ ಲೆಕ್ಕ. ತಟ್ಟೆಗೆ ಬಿದ್ದ ಮ್ಯಾಲೆ ಕಣ್ಣು ಹಾಕ್ಬ್ಯಾಡ." ಸರಿ ಎಂದು ಒಲೆಯ ಹತ್ತಿರವೇ ಎಣಿಸಿ, ಬಡಿಸಿದ ಮೇಲೆ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ. ಅಷ್ಟು ಒಪ್ಪಿದ ಮೇಲೆ ಅವರೇ ನನಗೆ ಬೇಹುಗಾರ್ತಿಯಾದರು. "ಬೆಲ್ಲದ ಡಬ್ಬಿ ಸದ್ದಾಯ್ತು, ಬರ್ಕೊ ಬರ್ಕೊ!" ಎಂದು ಒಳಗಿನಿಂದಲೇ ಕೂಗುತ್ತಿದ್ದರು.

"ಇಲಿ ಕಣವ್ವ" ಎನ್ನುತ್ತಿದ್ದರು ಇವರು, ಬಾಯಲ್ಲಿ ಬೆಲ್ಲ ಇಟ್ಟುಕೊಂಡು.

ಒಂದು ಗುರುತಿನ ವಿಷಯ ಬೇರೆಯೇ ಹೇಳಬೇಕು. ವಾರಕ್ಕೆ ಒಂದು ಸಲವೋ ಎರಡು ಸಲವೋ ಇವರು ದೋಣಿ ಹತ್ತಿ ಹೊಳೆಯ ಆಚೆ ದಡಕ್ಕೆ ಹೋಗುತ್ತಾರೆ. ಅಲ್ಲಿ ನಮ್ಮದೊಂದು ತುಂಡು ಹೊಲ, ಹೊಲದ ಬದಿಗೇ ಇವರ ಅಕ್ಕನ ಮನೆ. ಹೋದವರು ಅಲ್ಲೇ ಮಧ್ಯಾಹ್ನದ ಊಟ ಮುಗಿಸಿ ಸಂಜೆಯ ದೋಣಿಗೆ ಬರುವುದು. ಆ ದಿನದ ಚೌಕದಲ್ಲಿ ನಾನು ನೀರಿನ ಅಲೆಯ ಹಾಗೆ ಒಂದು ಗೆರೆ ಎಳೆದು ಬಿಡುತ್ತಿದ್ದೆ. ಅಲ್ಲಿ ಏನು ಉಂಡರು ಎಂದು ಬರೆದವಳಲ್ಲ, ಕೇಳಿದವಳೂ ಅಲ್ಲ. ನಮ್ಮಲ್ಲಿ ಒಡಹುಟ್ಟಿದವಳ ಮನೆಯ ಊಟವನ್ನು ವಿಚಾರಿಸುವ ಪದ್ಧತಿಯಿಲ್ಲ. ಏನಿಕ್ಕಿದರು ಎಂದು ಕೇಳಿದರೆ ಸರಿಯಾಗಿ ಇಕ್ಕಿದರೋ ಇಲ್ಲವೋ ಎಂದು ಕೇಳಿದ ಹಾಗೆ. ಬಂದ ಕೂಡಲೇ ಅತ್ತೆ "ಉಂಡ್ಯಾ ಮಗ?" ಎನ್ನುತ್ತಿದ್ದರು. ಇವರು "ಆಯ್ತವ್ವ" ಎನ್ನುತ್ತಿದ್ದರು. ಮಾತು ಅಲ್ಲಿಗೆ ಸಾಕು.

ಅಕ್ಕನ ಕೈ ನನಗೆ ಗೊತ್ತಿತ್ತು. ಒಂದು ಮುದ್ದೆ ಬೇಡವೆಂದರೆ ಎರಡು ಇಕ್ಕುವ ಕೈ ಅದು, ಮೇಲೆ ತುಪ್ಪ. ಅದಕ್ಕಾಗಿ ಆಚೆ ದಡದಿಂದ ಬಂದ ಸಂಜೆ ನಾನು ಅರ್ಧ ಮುದ್ದೆ ಮಾತ್ರ ಬಡಿಸುತ್ತಿದ್ದೆ. ಕಾಯಿಲೆ ಬಂದಾಗಿನಿಂದ ಇಟ್ಟುಕೊಂಡ ಲೆಕ್ಕಾಚಾರ ಅದು. ಜಾಣೆ ನಾನು ಎಂಬ ಹೆಮ್ಮೆಯಿಂದ ಅರ್ಧ ದುಂಡನ್ನೂ ಚೌಕದಲ್ಲಿ ಬರೆಯುತ್ತಿದ್ದೆ.

ಐದನೆಯ ತಿಂಗಳಿಗೆ ಡಾಕ್ಟರಮ್ಮ ಕ್ಯಾಲೆಂಡರಿನ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ತುಂಬ ಹೊತ್ತು ನೋಡಿ ಅಲೆಯ ಮೇಲೆ ಬೆರಳಿಟ್ಟರು.

"ಇದೇನು?"

"ಹೊಳೆ" ಎಂದೆ.

"ಹೊಳೆಯನ್ನು ತಿನ್ನುತ್ತಾರಾ?"

ನಾನು ನಕ್ಕೆ. ಅವರು ನಗಲಿಲ್ಲ. ಪೆನ್ನಿನ ತುದಿಯಿಂದ ಕಪ್ಪು ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟಿದರು. ಒಂದನ್ನು ಬಿಟ್ಟು ಎಲ್ಲ ಚುಕ್ಕೆಗಳೂ ಅಲೆಯ ಮರುದಿನವೇ ಇದ್ದವು. ತಿಂಗಳುಗಟ್ಟಲೆ ನಾನೇ ಬರೆದದ್ದು, ನನಗೇ ಕಂಡಿರಲಿಲ್ಲ.

"ಅಲ್ಲಿ ಏನು ತಿನ್ನುತ್ತೀರಿ?" ಎಂದು ಇವರನ್ನು ಕೇಳಿದರು.

ಇವರು ಫ್ಯಾನು ನೋಡಿದರು. "ಎಲ್ಲಾ ತಿಂತೀನಿ. ಅಕ್ಕನ ಮನೆ ಅಲ್ವಾ?"

ಹೊಟ್ಟೆ ತುಂಬ ತಿಂದರೆ ಹೀಗೆ ಇಳಿಯುವುದಿಲ್ಲ, ನೋಡಿಕೊಂಡು ಬನ್ನಿ ಎಂದು ಡಾಕ್ಟರಮ್ಮ ನನಗೆ ಹೇಳಿದರು. ಮುಂದಿನ ಸಲ ದೋಣಿ ಹತ್ತುವಾಗ ನಾನೂ ಹಿಂದೆಯೇ ಹತ್ತಿದೆ. ಅಪರೂಪಕ್ಕೆ ಬಂದ ನನ್ನನ್ನು ಕಂಡು ಅಕ್ಕನಿಗೆ ಸಂಭ್ರಮ. ಹೊಲದಲ್ಲಿ ಕಳೆ ತೆಗೆದು ಮಧ್ಯಾಹ್ನ ಒಳಗೆ ಬಂದು ಕೂತೆವು. ನನ್ನ ತಟ್ಟೆಗೆ ಮುದ್ದೆ, ಹುರುಳಿ ಸಾರು, ತುಪ್ಪ, ಅನ್ನ. ಇವರ ತಟ್ಟೆಗೆ ಹೆಚ್ಚಿದ ಸೌತೆಕಾಯಿ, ಎರಡು ಚಮಚ ಸೊಪ್ಪಿನ ಪಲ್ಯ, ಒಂದು ಲೋಟ ನೀರು ಮಜ್ಜಿಗೆ. ಇವರು ತಲೆ ತಗ್ಗಿಸಿ ಸೌತೆಕಾಯಿ ಕಚ್ಚತೊಡಗಿದರು.

"ಅತ್ತಿಗಮ್ಮ, ಇವರಿಗೆ ಮುದ್ದೆ?"

"ಅಯ್ಯೋ, ಸಕ್ಕರೆ ಕಾಯ್ಲೆ ಬಂದೋನಿಗೆ ಮುದ್ದೆ ಇಕ್ಕಾಕೆ ನಂಗೆ ಕೈ ಬರಾಕಿಲ್ಲ ಕಣವ್ವ. ಪಕ್ಕದ ಮನೇಯೋರ ಕಾಲೇ ತೆಗೆದ್ರು ಈ ಕಾಯ್ಲೇಲಿ. ನನ್ನ ತಮ್ಮಂಗೆ ನಾನೇ ಕೈಯಾರ ವಿಷ ಇಕ್ಕಲಾ? ಇಷ್ಟು ದಿನದಿಂದ ಪತ್ಯ ಮಾಡ್ಸಿವ್ನಿ, ಒಂದು ದಿನ ತಪ್ಪಿಲ್ಲ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬೆಳಿಗ್ಗೆ ಮಾತ್ರೆ. ಮಧ್ಯಾಹ್ನದವರೆಗೆ ಹೊಲದ ಕೆಲಸ, ಆಮೇಲೆ ಸೌತೆಕಾಯಿ. ಸಂಜೆ ನಾನು ಇಕ್ಕುವ ಅರ್ಧ ಮುದ್ದೆ. ಮರುದಿನ ಬೆಳಿಗ್ಗೆ ಮತ್ತೆ ಮಾತ್ರೆ. ಏಣಿಯ ಮೇಲೆ ನಡುಗಿದ ದಿನದ ಹಿಂದಿನ ದಿನವೂ ಇವರು ಇಲ್ಲಿಗೇ ಬಂದಿದ್ದರು.

"ನೀವು ಕಾಯ್ಲೆ ಅಂತ ಇಕ್ಕಲಿಲ್ಲ, ನಾನು ನೀವು ಇಕ್ಕಿರ್ತೀರ ಅಂತ ಇಕ್ಕಲಿಲ್ಲ" ಎಂದೆ. "ಮಧ್ಯದಲ್ಲಿ ಇವರು ಉಪವಾಸ."

ಅರ್ಥವಾದ ಕೂಡಲೇ ಅಕ್ಕನ ಸೆರಗು ಕಣ್ಣಿಗೆ ಹೋಯಿತು. ಅದರ ಹಿಂದೆಯೇ ಸಿಟ್ಟು ಬಂತು.

"ನಿಂಗೆ ಬಾಯಿರಲಿಲ್ವೇನೋ? ಅಕ್ಕ, ಒಂದು ಮುದ್ದೆ ಇಕ್ಕು ಅನ್ನಾಕೆ?"

"ಅಕ್ಕನ ಮನೇಲಿ ಬಾಯಿರೋದು ಉಣ್ಣಾಕೆ, ಕೇಳಾಕಲ್ಲ" ಎಂದರು ಇವರು.

"ಮನೆಗೆ ಬಂದು ಆಯ್ತು ಅಂತಿದ್ರಲ್ಲ!" ಎಂದೆ ನಾನು.

"ಆಗಿತ್ತಲ್ಲ. ಸೌತೆಕಾಯಿ."

ಅಕ್ಕ ಎದ್ದು ಹೋಗಿ ಮುದ್ದೆ ತಂದು ತಟ್ಟೆಗಿಟ್ಟರು. ಎರಡನೆಯದಕ್ಕೂ ಕೈ ಹೋಗಿತ್ತು, ನಾನು ಒಂದೇ ಎಂದು ಬೆರಳು ತೋರಿಸಿದೆ. ತಮ್ಮ ಉಂಡು ಮುಗಿಸುವವರೆಗೆ ಅವರು ಎದುರಿಗೇ ಕೂತಿದ್ದರು, ತಟ್ಟೆಯನ್ನಲ್ಲ, ಮುಖವನ್ನು ನೋಡುತ್ತ.

ಅಂದಿನಿಂದ ಆಚೆ ದಡದ ದಿನವನ್ನು ಇವರೇ ಬರೆಯುತ್ತಾರೆ. ಬಂದವರೇ ಕೈಕಾಲು ತೊಳೆದು, ನಾನೆಳೆದ ಅಲೆಯ ಕೆಳಗೆ ಒಂದು ದುಂಡು ಹಾಕುತ್ತಾರೆ. ಅವರ ದುಂಡು ದುಂಡಗಿರುವುದಿಲ್ಲ. ಸಂಜೆಗೆ ಮಾಮೂಲಿನಂತೆ ಒಂದು ಮುದ್ದೆ. ಡಾಕ್ಟರಮ್ಮ ಮಾತ್ರೆಯನ್ನು ಸ್ವಲ್ಪ ಬದಲಾಯಿಸಿ, ಮಾತ್ರೆ ನುಂಗಿದ ದಿನ ಊಟ ತಪ್ಪಿಸಲೇಬಾರದು ಎಂದು ಬಿಡಿಸಿ ಹೇಳಿದರು. ಅಲೆಯಿಲ್ಲದ ಆ ಒಂದು ಚುಕ್ಕೆ ಯಾಕೆ ಬಂತು ಎಂಬುದು ಇವತ್ತಿಗೂ ನಮಗೆ ಗೊತ್ತಿಲ್ಲ. ಮಾತ್ರೆ ಬದಲಾದ ತಿಂಗಳಲ್ಲಿ ಇನ್ನೊಂದು ಚುಕ್ಕೆ ಬಿತ್ತು. ಮುಂದಿನ ಮೂರು ಹಾಳೆಗಳಲ್ಲಿ ಒಂದೂ ಇರಲಿಲ್ಲ.

ಗೊಂಚಲು ಕೆಂಪಾಗತೊಡಗಿದಾಗ ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಹೋದೆವು. ಇವರು ಆಸ್ಪತ್ರೆಯ ಬೆಂಚಿನ ಮೇಲೆ ಪರೀಕ್ಷೆ ಬರೆದು ಕೂತವರ ಹಾಗೆ ಕೂತಿದ್ದರು. ಡಾಕ್ಟರಮ್ಮ ಎಲ್ಲ ನೋಡಿ, ರಕ್ತದ ಚೀಟಿ ನೋಡಿ, ಹತ್ತಬಹುದು ಎಂದರು. ತಿಂಡಿ ತಿಂದ ಮೇಲೆ ಮಾತ್ರ. ಒಬ್ಬರೇ ಇರುವಾಗ ಬೇಡ. ಹತ್ತು ಗಂಟೆಗೆ ಇಳಿದು ಏನಾದರೂ ತಿನ್ನಬೇಕು, ಮಧ್ಯಾಹ್ನದ ಮೇಲೆ ಬೇಡವೇ ಬೇಡ. ಎತ್ತರದ ಕವಲುಗಳನ್ನು ಆಳಿಗೆ ಬಿಡಬೇಕು.

"ಶೆರಿ, ಶೆರಿ" ಎಂದು ಇವರು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಹತ್ತಬಹುದು ಎಂಬುದರ ಆಚೆಗೆ ಏನಾದರೂ ಕೇಳಿಸಿತೋ ಇಲ್ಲವೋ.

ಮೂರನೆಯ ದಿನ ಬೆಳಿಗ್ಗೆ ಎರಡು ದೋಸೆ ತಿಂದು ಏಣಿ ಒರಗಿಸಿದರು. ನಾನು ಬುಡ ಹಿಡಿದೆ. ಹಿಡಿಯುವ ಅಗತ್ಯವಿರಲಿಲ್ಲ, ಬಿಡಲು ಮನಸ್ಸಾಗಲಿಲ್ಲ. ಆರು ಗೂಟ ಹತ್ತುವವರೆಗೆ ಮಾತಿಲ್ಲ. ಏಳನೆಯದರಲ್ಲಿ ಶುರುವಾಯಿತು.

"ನೋಡೇ ಇಲ್ಲಿ, ಹೋದ ವರ್ಷ ಬಳ್ಳಿ ಹೆಂಗೆ ಎಳ್ದವ್ರೆ! ಗಂಟೇ ಕಿತ್ತೋಗದೆ. ಕೊಯ್ದವ್ರಾ, ಕೋತಿ ಆಡಿದ್ವಾ?"

ಒಂದು ವರ್ಷ ದವಡೆಯಲ್ಲಿ ಹಿಡಿದಿಟ್ಟ ಬೈಗುಳವೆಲ್ಲ ಗೊಂಚಲುಗಳ ಜೊತೆಗೇ ಉದುರಿತು. ನಾನು ಹೂಂಗುಟ್ಟುತ್ತ ಕೇಳಿದೆ. ಬೈಯುವ ದನಿ ಗಟ್ಟಿಯಾಗಿತ್ತು, ಎಲ್ಲೂ ನಡುಗಲಿಲ್ಲ. ಚೀಲ ಅರ್ಧ ತುಂಬುವಷ್ಟರಲ್ಲಿ ಹತ್ತು ಗಂಟೆಯಾಯಿತು.

"ಇಳೀರಿ. ಕಪ್ಪ ಆರ್ತದೆ."

"ಇದೊಂದು ಕವಲು ಕಣೆ."

"ಇಳೀರಿ."

ಆಮೇಲೆ ಒಂದು ಪಾದ ಕೆಳಗಿನ ಗೂಟವನ್ನು ಹುಡುಕಿತು, ಅದರ ಹಿಂದೆ ಇನ್ನೊಂದು. ಈ ಸಲ ನಾನು ಗೂಟ ಹೇಳಿಕೊಡಬೇಕಾಗಲಿಲ್ಲ. ಅವರು ಮರದ ಬುಡದಲ್ಲಿ ಗೋಣಿಯ ಮೇಲೆ ಕೂತು ಬಟ್ಟಲು ಖಾಲಿ ಮಾಡಿದರು. ಬಿಟ್ಟುಬಂದ ಕವಲನ್ನು ಒಮ್ಮೆ ಕತ್ತೆತ್ತಿ ನೋಡಿ, "ಇರ್ಲಿ, ಅದು ಇನ್ನೂ ನಾಲ್ಕು ದಿನ ಬಲೀಬೇಕು" ಎಂದರು.