ಅಪ್ಪ ತರಿಸಿದ ಮೂರು ಜಾಡಿಗಳು

ನಮ್ಮಪ್ಪನ ಕಣ್ಣು ತಪ್ಪಿಸಿ ಒಂದು ಎಳೆ ನೂಲೂ ಆಚೆ ಹೋಗುತ್ತಿರಲಿಲ್ಲ. ಮೊಳಕಾಲ್ಮೂರಿನಲ್ಲಿ ನಮ್ಮದು ರೇಷ್ಮೆ ಸೀರೆ ವ್ಯಾಪಾರ. ನೇಕಾರರು ಮಗ್ಗದಿಂದ ಇಳಿಸಿದ ಸೀರೆ ತಂದರೆ ಅಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸುತ್ತಾ ಹೋಗಿ, ಎಲ್ಲೋ ಒಂದು ಕಡೆ ತಟ್ಟನೆ ನಿಲ್ಲಿಸಿ, "ಇಲ್ಲಿ ಎಳೆ ಹೋಗೈತೆ" ಎನ್ನುತ್ತಿದ್ದ. ಬೆಲೆ ಇಳಿಯಿತೆಂದು ತಂದವನ ಮುಖ ಸಪ್ಪಗಾಗುತ್ತಿತ್ತು. ಅಂಗಡಿಯ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲೇ, "ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಎಂಬ ಬೋರ್ಡು ಬೇರೆ. ಇಂಥ ಮನುಷ್ಯನಿಗೆ ಬೆಂಗಳೂರಿನ ಪಿಂಗಾಣಿ ಅಂಗಡಿಯೊಂದು ಒಂದಲ್ಲ, ಮೂರು ಸಲ ನೀರು ಕುಡಿಸಿತು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ತಡೆಯುವುದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಚೊಚ್ಚಲ ಬಸುರಿಯಾಗಿ, ಏಳು ತುಂಬುತ್ತಿದ್ದಂತೆ ನಾನು ತವರಿಗೆ ಬಂದಿದ್ದೆ. ಬ್ಯಾಗು ಕೆಳಗಿಡುವ ಮೊದಲೇ ಅಪ್ಪ ತನ್ನ ತೀರ್ಮಾನ ಹೇಳಿಬಿಟ್ಟ. ಬಾಣಂತಿಗೆ ಕೊಡುವ ದಶಮೂಲಾರಿಷ್ಟವನ್ನು ಈ ಸಲ ಮನೆಯಲ್ಲೇ ಮಾಡಬೇಕು.

"ಅಂಗಡೀದು ಬರೀ ಬೆಲ್ಲದ ನೀರು. ಬಣ್ಣ ಹಾಕಿ ಬಾಟ್ಲಿಗೆ ತುಂಬ್ತಾರೆ" ಎಂದ.

"ನೀನು ಹೋಗಿ ನೋಡಿದ್ಯೇನಪ್ಪ?" ಎಂದೆ.

"ವ್ಯಾಪಾರದೋರು ಏನೇನು ಮಾಡ್ತಾರೆ ಅಂತ ನಂಗೇ ಹೇಳ್ಕೊಡ್ತೀಯಾ?" ಎಂದ. ವ್ಯಾಪಾರಿಯೇ ಒಪ್ಪಿಕೊಂಡಂತಾಯಿತಲ್ಲ!

ಈ ಹಠಕ್ಕೆ ನಿಜವಾದ ಕಾರಣ ಬೇರೆ ಇತ್ತು. ಅದು ನಮ್ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ನಾನು ಹುಟ್ಟಿದಾಗ ಅವ್ವನಿಗೆ ತವರೆಂಬುದೇ ಇರಲಿಲ್ಲ. ಅವಳ ತಾಯಿ ಆಗಲೇ ತೀರಿಕೊಂಡಿದ್ದಳು. ಇತ್ತ ಅಪ್ಪನ ತಾಯಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಅಪ್ಪ ಆಗಷ್ಟೇ ವ್ಯಾಪಾರಕ್ಕಿಳಿದು ಸೀರೆ ಗಂಟು ಹೊತ್ತು ಊರೂರು ತಿರುಗುತ್ತಿದ್ದ. ಹಸಿ ಬಾಣಂತಿ ಅವ್ವ ನನ್ನನ್ನು ತೊಟ್ಟಿಲಲ್ಲಿ ಹಾಕಿ, ಎದ್ದು ರೊಟ್ಟಿ ಬಡಿದಳು, ಅತ್ತೆಯ ಮೈ ಒರೆಸಿದಳು, ಬಟ್ಟೆ ಒಗೆದಳು. ಎಣ್ಣೆ ನೀರಿಲ್ಲ, ಖಾರವಿಲ್ಲ, ಬೆಚ್ಚಗೆ ಹೊದ್ದು ಮಲಗಿದ್ದಿಲ್ಲ. ಆಗ ಹಿಡಿದ ಸೊಂಟನೋವು ಅವಳನ್ನು ಬಿಡಲೇ ಇಲ್ಲ. ನೆಲದಿಂದ ಏಳುವಾಗ ಇವತ್ತಿಗೂ ಗೋಡೆ ಹಿಡಿಯುತ್ತಾಳೆ. ಅಪ್ಪನಿಗೆ ಅದನ್ನು ಒಂದು ದಿನವೂ ಎತ್ತಿ ಆಡಿದವಳಲ್ಲ. ಆಡಿದ್ದರೆ ಅವನಿಗೂ ಹಗುರವಾಗುತ್ತಿತ್ತೇನೋ.

"ಈ ಮನೇಲಿ ಒಂದು ಬಾಣಂತನ ಆದ್ರೂ ನೆಟ್ಟಗೆ ಆಗ್ಬೇಕು" ಎಂದು ಅಪ್ಪ ನನ್ನ ಮುಖ ನೋಡದೆ ಹೇಳಿದ.

ಅರಿಷ್ಟವೆಂದರೆ ಕಷಾಯದ ಹಾಗೆ ಕುದಿಸಿ ಇಳಿಸಿ ಕುಡಿಯುವಂಥದ್ದಲ್ಲ. ಹತ್ತು ಬಗೆಯ ಬೇರು ಕುದಿಸಿದ ನೀರಿಗೆ ಬೆಲ್ಲ, ಒಣದ್ರಾಕ್ಷಿ, ಧಾತಕಿ ಹೂವು ಹಾಕಿ, ಜಾಡಿಯ ಬಾಯಿ ಬಿಗಿದು, ತಿಂಗಳಿಗೂ ಮೇಲೆ ಕತ್ತಲೆಯಲ್ಲಿ ಹುಳಿಯಲು ಬಿಡಬೇಕು. ಬೇರು ಕಟ್ಟಿಕೊಟ್ಟ ನಾಯಕನಹಟ್ಟಿಯ ಪಂಡಿತರು, "ಜಾಡಿ ಮಾತ್ರ ಹೊಸದೇ ಆಗ್ಬೇಕ್ರಿ, ಪಿಂಗಾಣೀದು" ಎಂದಿದ್ದರು. ನಮ್ಮನೆಯ ಜಾಡಿಗಳೆಲ್ಲ ಅಜ್ಜಿಯ ಕಾಲದಿಂದ ಉಪ್ಪಿನಕಾಯಿ ಉಂಡು ಬೆಳೆದಂಥವು. ಅವುಗಳಲ್ಲಿ ಅಮೃತ ಇಟ್ಟರೂ ಮಾವಿನಕಾಯಿ ವಾಸನೆಯೇ. ಚಳ್ಳಕೆರೆ ಪೇಟೆಯಲ್ಲಿ ಹುಡುಕಿದರೆ ಎಲ್ಲ ಅಂಗೈಯಗಲದವು. ಅಪ್ಪ ನಮ್ಮೂರಿನ ಎಸ್‌ಟಿಡಿ ಬೂತಿನಲ್ಲಿ ನಿಂತು, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಕಿರುಚಿ, ಬೆಂಗಳೂರಿಗೆ ಒಂದು ದೊಡ್ಡ ಜಾಡಿ ಹೇಳಿದ.

ಅದು ಲಾರಿಯಲ್ಲಿ ಚಳ್ಳಕೆರೆಯ ಪಾರ್ಸೆಲ್ ಆಫೀಸಿಗೆ ಬಂತು. ಅವತ್ತು ನನ್ನನ್ನು ಅಲ್ಲಿನ ಡಾಕ್ಟರಿಗೆ ತೋರಿಸಲು ಅಪ್ಪ ಕರೆದುಕೊಂಡು ಹೋಗಿದ್ದ. ಆಫೀಸಿನ ಗುಮಾಸ್ತ ಎಲೆಯಡಿಕೆ ಜಗಿಯುತ್ತಾ, "ಮೊದ್ಲು ಸೈ ಮಾಡ್ರಿ, ಆಮೇಲೆ ಬಿಚ್ರಿ" ಎಂದ.

"ನೋಡ್ದೆ ಯಾರಾದ್ರೂ ಸೈ ಮಾಡ್ತಾರೇನ್ರಿ?" ಎಂದು ಅಪ್ಪ ಅಲ್ಲೇ ಗೋಣಿ ಬಿಚ್ಚಿಸಿ, ಹುಲ್ಲು ಕೆದರಿ, ಜಾಡಿಯನ್ನು ಬೀದಿಯ ಬೆಳಕಿಗೆ ತಂದ. ಶುರುವಾಯಿತು ನೋಡಿ ತಪಾಸಣೆ! ಬಾಯಂಚಿನ ಸುತ್ತ ಹೆಬ್ಬೆರಳು ಆಡಿಸಿದ. ಬೆರಳು ಮಡಚಿ ತಟ್ಟಿ ಕಿವಿಗೊಟ್ಟು ಕೇಳಿದ. ಹೊಟ್ಟೆಯ ಮೇಲೆ ಹೊಳಪು ಸಮ ಇದೆಯೇ ಎಂದು ಓರೆಗಣ್ಣಲ್ಲಿ ನೋಡಿದ. ಕೆಳಗೆ, ಬುಡದ ಹತ್ತಿರ, ಒಂದು ದುಂಡನೆಯ ಕಾಗದ ಅಂಟಿಸಿದ್ದರು. "ನೋಡು, ಕಂಪನಿ ಚೀಟಿನೂ ಐತೆ. ಒರಿಜಿನಲ್ಲು" ಎಂದು ನನಗೆ ಹೆಮ್ಮೆಯಿಂದ ತೋರಿಸಿ ಸೈ ಮಾಡಿದ.

ಮನೆಗೆ ತಂದು ಅವ್ವ ತೊಳೆಯಲೆಂದು ಒಂದು ಕೊಡ ನೀರು ಸುರಿದಳು. ಕಂಪನಿ ಚೀಟಿ ನೆನೆದು ಕಳಚಿಬಿತ್ತು. ಅದರ ಹಿಂದೆ ಹೆಬ್ಬೆರಳು ಹೋಗುವಷ್ಟು ತೂತು! ನೀರು ಧಾರೆಯಾಗಿ ಹಾರಿ ಅಪ್ಪನ ಪಂಚೆ ನೆನೆಸಿತು. ಅವರು ಕಳಿಸಿದ್ದು ನಲ್ಲಿ ಕೂರಿಸಿ ಕುಡಿಯುವ ನೀರು ಇಡುವ ಜಾಡಿ. ನಲ್ಲಿಯನ್ನೂ ಕಳಿಸಿರಲಿಲ್ಲ.

"ಎಳೆ ಹೋದ್ರೆ ಕಾಣ್ತೈತೆ, ತೂತು ಇದ್ರೆ ಕಾಣಲ್ವೇನ್ರಿ?" ಎಂದಳು ಅವ್ವ.

ಅಪ್ಪ ಮತ್ತೆ ಬೂತಿಗೆ ಓಡಿದ. ನಾನೂ ಹಿಂದೆಯೇ ಹೋದೆ, ಅಂಥ ತಮಾಷೆ ತಪ್ಪಿಸಿಕೊಳ್ಳುವುದುಂಟೇ? ಅತ್ತ ಕಡೆಯವನು ಏನೋ ಹೇಳಿದ. ಅಪ್ಪನ ಮುಖ ಕೆಂಪಾಯಿತು. "ವಾಪಸ್ ತಗಳಲ್ಲ ಅಂದ್ರೆ ಏನ್ರಿ ಅರ್ಥ? ಇದೇನು ನ್ಯಾಯ? ನೀವು ವ್ಯಾಪಾರ ಮಾಡ್ತೀರೋ ಹಗಲು ದರೋಡೆ ಮಾಡ್ತೀರೋ?" ಎಂದು ಕೂಗಾಡಿದ. ಬೂತಿನ ಎದುರುಗಡೆಯೇ ನಮ್ಮಂಗಡಿ, ಬೋರ್ಡು ಅಲ್ಲಿಂದಲೇ ಓದಲು ಬರುತ್ತಿತ್ತು. ನಾನು ಬೆರಳು ಮಾಡಿ ತೋರಿಸಿದೆ. "ನಡಿಯೇ ಮನೆಗೆ, ಬಿಸಿಲಲ್ಲಿ ನಿಂತ್ಕಬ್ಯಾಡ" ಎಂದು ನನ್ನನ್ನೇ ಗದರಿದ. ಅಂತೂ ಬೈದು, ಬೇಡಿ, ಬದಲಿ ಕಳಿಸಲು ಒಪ್ಪಿಸಿ, ತೂತಿನ ಜಾಡಿಯನ್ನು ವಾಪಸ್ ಲಾರಿಗೆ ಹಾಕಿದ.

ಎರಡನೆಯದನ್ನು ತರಲು ಒಬ್ಬನೇ ಹೋದ. ಈ ಸಲ ತೂತಿರಲಿಲ್ಲ. ಕುತ್ತಿಗೆಯೂ ಇರಲಿಲ್ಲ, ಗೋಣಿ ಬಿಚ್ಚಿದರೆ ಜಾಡಿಯ ಬಾಯಿ ಒಂದು ಕಡೆ, ಹೊಟ್ಟೆ ಒಂದು ಕಡೆ. ಗುಮಾಸ್ತ, "ಪಿಂಗಾಣಿ ಒಡೆದ್ರೆ ನಾವೇನು ಮಾಡಾಣ್ರಿ? ರೋಡ್ ಹಂಗೈತೆ" ಎಂದನಂತೆ. ಅಪ್ಪ ಜಗಳ ಕಾದು, ಒಡೆದು ಬಂದಿದೆ ಎಂದು ಅವನ ಕೈಯಲ್ಲೇ ಬರೆಸಿಕೊಂಡು, ಬರಿಗೈಯಲ್ಲಿ ಮನೆಗೆ ಬಂದ. ನನಗೆ ಒಂಬತ್ತು ತುಂಬುತ್ತಿತ್ತು. ಅವತ್ತು ಊಟಕ್ಕೆ ಕೂತವನು ಅರ್ಧಕ್ಕೇ ಎದ್ದ.

ಮರುದಿನ ಅವನಿಗೊಂದು ಉಪಾಯ ಹೊಳೆಯಿತು. ಸೀರೆ ಪಾರ್ಸೆಲ್ ಕಟ್ಟಿ ಕಟ್ಟಿ ಪಳಗಿದ ತಲೆ. ಬೆಂಗಳೂರಿನವರಿಗೆ ಕಟ್ಟುವುದು ಗೊತ್ತಿಲ್ಲ, ಹುಲ್ಲು ಸಾಲದು, ಮೂರನೆಯದಕ್ಕೆ ಸುತ್ತಲು ಮೆತ್ತನೆಯದೇನಾದರೂ ನಾವೇ ಕಳಿಸಬೇಕು ಎಂದ. ಅವ್ವ ಹಳೇ ಸೀರೆಗಳನ್ನು ಪದರ ಪದರವಾಗಿಟ್ಟು ಹೊಲಿದಿದ್ದ ಕೌದಿ ಅವನ ಕಣ್ಣಿಗೆ ಬಿತ್ತು.

"ಕೂಸಿಗೆ ಅಂತ ಹೊಲಿದಿದ್ದು ಕಣ್ರಿ ಅದು!"

"ಕೂಸಿನ ತಾಯಿಗೇ ತಾನೆ ಹೋಗ್ತಿರೋದು?" ಎಂದು ಅಪ್ಪ ಕೌದಿ ಮಡಚಿ ಬೆಂಗಳೂರಿನ ಲಾರಿಗೆ ಹಾಕಿದ. ಜಾಡಿಗೆ ಹೊದಿಸಲು ತವರಿನಿಂದ ಕೌದಿ ಹೋಯಿತೆಂದು ಓಣಿಯವರೆಲ್ಲ ನಕ್ಕರು. "ಜಾಡಿಗೂ ಸೀಮಂತ ಮಾಡ್ಬಿಡ್ರಿ" ಎಂದಳು ಪಕ್ಕದ ಮನೆಯವಳು.

ನನಗೆ ನೋವು ಬಂತು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮಾರನೇ ದಿನ ವಾರ್ಡಿನ ಬಾಗಿಲಲ್ಲಿ ಅಪ್ಪ ಕಾಣಿಸಿಕೊಂಡ. ಎರಡೂ ತೋಳಲ್ಲಿ ಅವ್ವನ ಕೌದಿಯ ದೊಡ್ಡದೊಂದು ಗಂಟು. ಒಂದೊಂದೇ ಹೆಜ್ಜೆ ನೋಡಿ ಇಡುತ್ತಾ, ಯಾರ ಮೈಗೂ ತಗುಲದ ಹಾಗೆ ಬರುತ್ತಿದ್ದ. ಪಕ್ಕದ ಮಂಚದ ಬಾಣಂತಿ, "ನಿಮ್ದು ಅವಳಿ ಜವಳೀನಾ?" ಎಂದು ಕೇಳಿಬಿಟ್ಟಳು. ಅಪ್ಪ ಗಂಟನ್ನು ನನ್ನ ಕಾಲ ಬುಡದಲ್ಲಿ ಇಳಿಸಿ, "ಒಂದು ಗೀರೂ ಬಿದ್ದಿಲ್ಲ ನೋಡವ್ವ" ಎಂದು ಕೌದಿ ಸರಿಸಿದ. ನಿಜ, ಬಿದ್ದಿರಲಿಲ್ಲ. ಲಕಲಕ ಹೊಳೆಯುತ್ತಿತ್ತು. ಬುಡದ ಹತ್ತಿರ ಮಾತ್ರ, ಒಡೆದಿಲ್ಲವೆಂಬ ಖುಷಿಯಲ್ಲಿ ಅವನು ನೋಡದಿದ್ದ ಕಡೆ, ಅದೇ ದುಂಡನೆಯ ಕಾಗದ.

ಅಯ್ಯೋ ಶಿವನೇ! ನಾನು ಹೊಲಿಗೆ ಎಳೆಯುವಷ್ಟು ನಕ್ಕೆ. ಅವ್ವ ಕೂಸನ್ನು ಎದೆಗೊತ್ತಿಕೊಂಡು ನಕ್ಕಳು. ಅಪ್ಪ ನಗಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಆ ಕಾಗದವನ್ನು ಉಗುರಿನಿಂದ ಕೆರೆಯುತ್ತಾ, "ಆಗ್ಲಿಲ್ಲ ಬಿಡು, ಈ ಸರ್ತೀನೂ ಆಗ್ಲಿಲ್ಲ" ಎಂದ. ಅವನ ಕಣ್ಣು ತುಂಬಿತ್ತು. ಅಪ್ಪ ಅತ್ತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ತೂತಿದ್ರೆ ಮುಚ್ಚಿದ್ರಾತು. ಇದಕ್ಕೂ ಅಳ್ತಾರಾ?" ಎಂದಳು ಅವ್ವ.

ಊರಿಗೆ ಬಂದ ಮೇಲೆ ಸೀಬೆ ಕೊಂಬೆ ಕೆತ್ತಿ ಬೆಣೆ ಮಾಡಿ, ಬಟ್ಟೆ ಸುತ್ತಿ, ಜೇನುಮೇಣ ಮೆತ್ತಿ ತೂತು ಬಿಗಿದರು. ಕೂಸು ನೋಡಲು ಬಂದಿದ್ದ ಮುದುಕ ನೇಕಾರನೊಬ್ಬ ಜಾಡಿಯನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಮೇಲಿನಿಂದ ಕೆಳಗೆ ಹೆಬ್ಬೆರಳು ಆಡಿಸುತ್ತಾ ಬಂದು, ಬೆಣೆಯ ಮೇಲೆ ತಟ್ಟನೆ ನಿಲ್ಲಿಸಿದ. "ಇಲ್ಲಿ ಎಳೆ ಹೋಗೈತೆ ಸಾಹುಕಾರ್ರೇ. ಎಂತ ತಗ್ಗಿಂಚಾಲಿ?" ಬೆಲೆಯಲ್ಲಿ ಎಷ್ಟು ಇಳಿಸಬೇಕು ಎಂದು ತನ್ನ ತೆಲುಗಿನಲ್ಲಿ ಅಪ್ಪನನ್ನೇ ಕೇಳಿದ್ದ. ಎಷ್ಟೋ ದಿನಗಳ ಮೇಲೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

ಅಂತೂ ಕತ್ತಲೆ ಕೋಣೆಯಲ್ಲಿ ಅರಿಷ್ಟ ಹುಳಿಯತೊಡಗಿತು. ಜಾಡಿಗೆ ಕಿವಿಯಿಟ್ಟರೆ ಒಳಗೆ ಗುಳುಗುಳು ಸದ್ದು. ವಾಸನೆ ಓಣಿಯ ತುದಿಯವರೆಗೂ ಹೋಯಿತು. ಹಣೆ ತುಂಬ ವಿಭೂತಿ ಬಳಿದುಕೊಂಡು ಅಪ್ಪ ಅಂಗಡಿಗೆ ಹೊರಟರೆ, "ಸಾಹುಕಾರ್ರ ಮನೇಲಿ ಭಟ್ಟಿ ಇಳಿಸ್ತಾರಂತೆ" ಎಂದು ಕಟ್ಟೆಯ ಮೇಲಿನವರು ಕಿಚಾಯಿಸುತ್ತಿದ್ದರು. ಅಪ್ಪ ತಲೆಯೆತ್ತದೆ ದಾಟಿಹೋಗುತ್ತಿದ್ದ. ಅದು ಹದಕ್ಕೆ ಬರುವವರೆಗೆ ಬಾಣಂತಿಯ ಮೈ ಕಾಯುತ್ತದೆಯೇ? ಅವ್ವ ಗುಟ್ಟಾಗಿ ಅಂಗಡಿಯ ಅರಿಷ್ಟವನ್ನೇ ತರಿಸಿ ನನಗೆ ಎರಡು ಹೊತ್ತು ಕುಡಿಸಿದಳು. ಎಣ್ಣೆ ನೀರು, ಖಾರ, ಧೂಪ, ಒಂದಕ್ಕೂ ಕಡಿಮೆ ಮಾಡಲಿಲ್ಲ. ಸೊಂಟ ಹಿಡಿದುಕೊಂಡೇ ನನಗೆ ನೀರು ಹಾಕಿದಳು. ಖಾಲಿ ಬಾಟಲಿಗಳನ್ನು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿದಳು. ನಾನು ಗುಂಡುಗುಂಡಾದೆ. ಅಪ್ಪ ದಿನಾ ಜಾಡಿಯ ಹತ್ತಿರ ಹೋಗಿ ಸದ್ದು ಕೇಳಿ ಬರುತ್ತಿದ್ದ. ಅವನನ್ನು ನೋಡಿ ನಾವಿಬ್ಬರೂ ಕಣ್ಣಲ್ಲೇ ನಗುತ್ತಿದ್ದೆವು.

ಜಾಡಿ ಬಿಚ್ಚುವ ಹೊತ್ತಿಗೆ ಗಂಡನ ಮನೆಯವರು ನನ್ನನ್ನು ಕರೆದೊಯ್ಯುವ ದಿನ ಗೊತ್ತು ಮಾಡಿದ್ದರು. ಅಪ್ಪ ತೆಳುವಾದ ಬಟ್ಟೆಯಲ್ಲಿ ಸೋಸಿ, ಬೆಳ್ಳಿ ಲೋಟಕ್ಕೆ ಬಗ್ಗಿಸಿಕೊಂಡು ಬಂದ. ನಾನು ಕೈ ಚಾಚಿದೆ. ಅವನು ನನ್ನನ್ನು ದಾಟಿಕೊಂಡು, ಒಲೆಯ ಮುಂದೆ ಕೂತಿದ್ದ ಅವ್ವನ ಹತ್ತಿರ ಹೋಗಿ ನಿಂತ.

"ಅವಳ್ದು ಆತಲ್ಲ. ಅಕ್ಕಿ ಡಬ್ಬಿ ಹಿಂದಿನ ಬಾಟ್ಲಿ ನಂಗೆ ಕಾಣಲ್ಲ ಅನ್ಕಂಡ್ಯಾ? ಇದು ನಿಂಗೆ."

"ನಂಗ್ಯಾಕ್ರಿ? ನಾನೇನು ಹಡೆದಿದೀನಾ?"

ಅಪ್ಪ ನನ್ನ ಕಡೆ ಕೈ ಮಾಡಿದ. "ಮತ್ತೆ ಇವಳನ್ನ ಯಾರು ಹಡೆದಿದ್ದು?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಿಟ್ಟಿನ ಕೈಯಲ್ಲೇ ಲೋಟ ತೆಗೆದುಕೊಂಡು, ಮುಖ ಕಿವುಚಿಕೊಂಡು ಕುಡಿದಳು. ಅಪ್ಪ ಅಲ್ಲಿಂದ ಕದಲಲಿಲ್ಲ. ಅವ್ವ ಮಾತಿನಲ್ಲಿ ಬೆರಕಿ, ಬಿಡುತ್ತಾಳೆಯೇ? "ಬರೀ ಇದೊಂದು ಕೊಟ್ರೆ ಆತೇನ್ರಿ? ಎಣ್ಣೆ ನೀರು ಯಾರು ಹಾಕ್ತಾರೆ?" ಎಂದಳು. ನಗಿಸಲೆಂದೇ ಆಡಿದ ಮಾತು, ಆದರೆ ಅರ್ಧಕ್ಕೆ ಅವಳ ದನಿ ಒಡೆದುಹೋಯಿತು.

ನಾನು ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಹರಳೆಣ್ಣೆ ಬಿಸಿ ಮಾಡಿದೆ. ಅವ್ವನನ್ನು ಬಚ್ಚಲಲ್ಲಿ ಕೂರಿಸಿ ಸೊಂಟಕ್ಕೆ ಎಣ್ಣೆ ತಿಕ್ಕಿದೆ. "ಅಲ್ಲೇ ಕಣವ್ವ, ಅಲ್ಲೇ" ಎನ್ನುತ್ತಿದ್ದಳು. ಅಷ್ಟು ವರ್ಷ ಅದೇ ಮನೆಯಲ್ಲಿ ಬೆಳೆದರೂ ನೋವು ಎಲ್ಲಿದೆ ಎಂದು ನನಗೆ ಗೊತ್ತಾದದ್ದು ಅವತ್ತು. ಬಿಸಿನೀರು ಹೊಯ್ದಂತೆಲ್ಲ ಅವಳು ಬಿಕ್ಕುತ್ತಿದ್ದಳು, ನಾನೂ ಅಳುತ್ತಿದ್ದೆ. ಗೋಡೆಯ ಆಚೆ ಅಪ್ಪ ಹಂಡೆಯ ಒಲೆಗೆ ಸೌದೆ ನೂಕುವ ಸದ್ದು ಕೇಳುತ್ತಿತ್ತು.

"ನೀರು ಸಾಕಾಗ್ತೈತಾ? ಇನ್ನೊಂದು ಹಂಡೆ ಕಾಯಿಸ್ಲಾ?" ಎಂದು ಅಲ್ಲಿಂದಲೇ ಕೇಳಿದ.

ಸಾಮಾನ್ಯವಾಗಿ ಅವ್ವ ಯಾವುದಕ್ಕೂ ಬೇಡ ಎನ್ನುವವಳೇ. ಅವತ್ತು ಮುಖದ ನೀರು ಒರೆಸಿಕೊಂಡು, "ಕಾಯಿಸ್ರಿ" ಎಂದಳು.