ಬರ್ತೀನಿ ಎನ್ನಲೊಪ್ಪದ ಅತಿಥಿ

ನಮ್ಮ ಅತ್ತೆಯ ಎದುರು ಯಾರೂ "ಹೋಗ್ತೀನಿ" ಎಂದು ಹೇಳಿ ಮನೆ ಬಿಟ್ಟು ಹೊರಡುವಂತಿಲ್ಲ. "ಬರ್ತೀನಿ" ಎನ್ನಬೇಕು. ಇದೇನೂ ಹೊಸದಲ್ಲ, ಸಂಡೂರಿನ ನನ್ನ ತವರಿನಲ್ಲೂ ಹೊರಡುವಾಗ ಹಾಗೇ ಅನ್ನುತ್ತಿದ್ದೆವು. ಆದರೆ ಅಲ್ಲಿ ಮರೆತರೆ ಯಾರೂ ಬೆನ್ನಟ್ಟಿಕೊಂಡು ಬರುತ್ತಿರಲಿಲ್ಲ. ಹಂಪಿಯ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ತರಕಾರಿಗೆ ಹೊರಟವಳನ್ನು ಅತ್ತೆ ಬೀದಿಯ ತಿರುವಿನಿಂದ ವಾಪಸು ಕರೆಸಿ, ಒಳಗೆ ಕೂಡಿಸಿ, ನೀರು ಕುಡಿಸಿ, ಮತ್ತೆ ಸರಿಯಾಗಿ ಹೊರಡಿಸಿದರು. ನನಗೆ ಮೈಯೆಲ್ಲ ಉರಿದುಹೋಗಿತ್ತು.

ಕಾರಣ ಆಮೇಲೆ ಗೊತ್ತಾಯಿತು. ಮಾವ ಒಂದು ಬೆಳಿಗ್ಗೆ ಎಮ್ಮಿಗನೂರಿಗೆ ಭತ್ತದ ಸಸಿ ನೋಡಲು ಹೊರಟವರು, ಬಸ್ಸಿನ ಅವಸರದಲ್ಲಿ "ಹೋಗ್ತೀನಿ ತಗಾ" ಎಂದುಬಿಟ್ಟರಂತೆ. ಬಸ್ಸು ಕಂಪ್ಲಿ ಮುಟ್ಟುವ ಮೊದಲೇ ಎದೆ ಹಿಡಿದುಕೊಂಡು ಸೀಟಿನಲ್ಲೇ ತೀರಿಕೊಂಡರು. ಡಾಕ್ಟರು ಹೃದಯಾಘಾತ ಎಂದರು. ಅತ್ತೆ ಅದನ್ನು ಇವತ್ತಿಗೂ ಒಪ್ಪಿಲ್ಲ.

ಅಂದಿನಿಂದ ಅತ್ತೆ ಹೊಸ್ತಿಲಲ್ಲಿ ಕಾವಲು ನಿಂತಿದ್ದಾರೆ. ಸಿಲಿಂಡರ್ ತರುವವನು "ಬರ್ತೀನಿ ಅವ್ವಾ" ಎಂದೇ ಹೊರಡಬೇಕು, ಮೀಟರ್ ಓದುವವನೂ ಅಷ್ಟೇ. ಒಮ್ಮೆ ಟೇಪು ಹಿಡಿದು ಮನೆ ಅಳೆಯಲು ಒಬ್ಬ ಅಧಿಕಾರಿ ಬಂದಿದ್ದರು. ನಮ್ಮದು ಸ್ಮಾರಕಗಳ ಊರು, ಇಲ್ಲಿ ಗೋಡೆ ಎದ್ದರೂ ಪ್ರಶ್ನೆ, ಬಿದ್ದರೂ ಪ್ರಶ್ನೆ. ಈ ಮನುಷ್ಯ ಇನ್ನೊಮ್ಮೆ ಇತ್ತ ತಲೆ ಹಾಕದಿರಲಿ ಎಂದು ಒಳಗೆ ನನ್ನ ಗಂಡ ದೇವರಿಗೆ ಕೈಮುಗಿಯುತ್ತಿದ್ದರೆ, ಬಾಗಿಲಲ್ಲಿ ಅತ್ತೆ "ಬರ್ತೀನಿ ಅನ್ರಿ ಸಾಹೇಬ್ರ, ಹಂಗ ಹೋಗಬ್ಯಾಡ್ರಿ" ಎಂದು ಹಟ ಹಿಡಿದಿದ್ದರು. ಸಾಹೇಬರು ಅಂದರು. ಬಂದರು ಕೂಡ.

ಇಂಥ ಮನೆಯ ಮಹಡಿ ಕೋಣೆಗೆ ಒಂದು ಚಳಿಗಾಲ ಫಿನ್ಲೆಂಡಿನ ಮುದುಕರೊಬ್ಬರು ಬಂದರು. ಕೋಣೆ ಬಾಡಿಗೆಗೆ ಕೊಡುವುದೇ ನಮ್ಮ ಜೀವನ, ವಿದೇಶದವರು ನಮಗೆ ಹೊಸಬರಲ್ಲ. ಆದರೆ ಇವರಷ್ಟು ನಿಜ ಹೇಳುವ ಪ್ರಾಣಿಯನ್ನು ನಾನು ನೋಡಿರಲಿಲ್ಲ. ಮಂಡಕ್ಕಿ ಒಗ್ಗರಣೆ ಹೇಗಿದೆ ಎಂದು ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಿ "ನಿನ್ನೆಯದು ಇದಕ್ಕಿಂತ ಚೆನ್ನಾಗಿತ್ತು" ಎನ್ನುವರು. ಏಳಕ್ಕೆ ಬರುತ್ತೇನೆ ಎಂದರೆ ಏಳಕ್ಕೆ ಬಾಗಿಲಲ್ಲಿ ಸೈಕಲ್ ನಿಂತಿರುತ್ತಿತ್ತು. ತಮ್ಮ ಊರಲ್ಲಿ ಮರಗೆಲಸ ಮಾಡಿಕೊಂಡಿದ್ದವರಂತೆ. ಅಲುಗಾಡುತ್ತಿದ್ದ ನಮ್ಮ ಅಡುಗೆಮನೆ ಬಾಗಿಲನ್ನು ಯಾರೂ ಹೇಳದೆ ಸರಿ ಮಾಡಿದರು. ಅತ್ತೆ ಅವರನ್ನು ಅಣ್ಣ ಎಂದು ಕರೆಯತೊಡಗಿದರು. ಅತ್ತೆಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು, ಆದರೂ ಇಬ್ಬರೂ ಕೂತು ಹೀರೇಕಾಯಿ ಹೆರೆಯುತ್ತಾ ಮಧ್ಯಾಹ್ನ ಕಳೆಯುತ್ತಿದ್ದರು. ನನಗಂತೂ ಅವರಿಬ್ಬರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಮಾತು ಗೊತ್ತಿದ್ದೂ ನನ್ನ ಜೊತೆ ಅತ್ತೆ ಅಷ್ಟು ಹೊತ್ತು ಕೂತವರಲ್ಲ.

ಮುದುಕರು ಹೊರಡುವ ದಿನ ಬಂತು. ಹೊಸಪೇಟೆಯಿಂದ ಸಂಜೆಯ ರೈಲು. ಚೀಲ ಆಟೊದಲ್ಲಿತ್ತು. ಅತ್ತೆ ಎಂದಿನಂತೆ ಬಾಗಿಲಿಗೆ ಬಂದು, "ಬರ್ತೀನಿ ಅನ್ನಾಕ ಹೇಳವ್ವ" ಎಂದರು. ನಾನು ಹೇಳಿಕೊಟ್ಟೆ. ಮುದುಕರು ಅರ್ಥ ಕೇಳಿದರು. ಅರ್ಥ ಹೇಳಿದ್ದೇ ನನ್ನ ತಪ್ಪು.

"ಇಲ್ಲ, ಅದನ್ನು ಹೇಳಲಾರೆ. ನಾನು ಬರುವುದಿಲ್ಲ," ಎಂದರು.

ಬರಬೇಕಾಗಿಲ್ಲ, ಸುಮ್ಮನೆ ಅಂದರೆ ಸಾಕು ಎಂದೆ. ಅವರಿಗೆ ಇದು ಇನ್ನೂ ವಿಚಿತ್ರವಾಗಿ ಕಂಡಿತು. ಅವರ ಊರಲ್ಲಿ ಒಬ್ಬ ಬರ್ತೀನಿ ಎಂದರೆ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಾರಂತೆ, ಒಲೆಗೆ ಕಟ್ಟಿಗೆ ಸೀಳಿಡುತ್ತಾರಂತೆ. ಹಾಗಂದು ಬಾರದವನ ಮಾತನ್ನು ಆಮೇಲೆ ಯಾರೂ ನಂಬುವುದಿಲ್ಲವಂತೆ. ಇದನ್ನೆಲ್ಲ ಅತ್ತೆಗೆ ಹೇಳಿದೆ.

"ಅಯ್ಯ, ಬಾ ಅಂದಾರ್ ಯಾರು? ಬರ್ತೀನಿ ಅನ್ನು ಅಂದೆ, ಅಷ್ಟಾ!"

ಇದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸುವುದೋ ತಿಳಿಯದೆ ನಾನು ಬೆವೆತೆ. ಅತ್ತೆ ಹೋಗಿ ಆಟೊದ ಮುಂದೆ ನಿಂತರು. ಆಟೊದವನು ತಲೆ ಹೊರಗೆ ಹಾಕಿ, "ಅಂದ್ಬಿಡ್ರಿ ಅಜ್ಜಾರ, ನಾ ದಿನಾ ಅಂತೀನಿ, ಏನೂ ಆಗಂಗಿಲ್ಲ" ಎಂದು ತನ್ನ ಸಲಹೆ ಕೊಟ್ಟ. ಅದನ್ನೂ ನಾನೇ ಅನುವಾದಿಸಿದೆ. ಪ್ರಯತ್ನ ಮಾಡುತ್ತೇನೆ ಎಂದರೆ ನಡೆದೀತೇ ಎಂದು ಮುದುಕರು ಕೇಳಿದರು. ನಡೆಯುವುದಿಲ್ಲ ಎಂದರು ಅತ್ತೆ. ರೈಲಿನ ಹೊತ್ತಾಗುತ್ತಿತ್ತು. ಒಬ್ಬರು ಸುಳ್ಳು ಹೇಳಲಾರರು, ಇನ್ನೊಬ್ಬರು ದಾರಿ ಬಿಡಲಾರರು. ಇಬ್ಬರಿಗೂ ಒಂದೊಂದು ಬಾರಿಸಬೇಕು ಅನ್ನಿಸಿತು ನನಗೆ.

ಕಡೆಗೆ ಮುದುಕರು ಕಟ್ಟೆಯ ಮೇಲೆ ಕೂತುಬಿಟ್ಟರು. ಊರಿಗೆ ಹೋದ ಕೂಡಲೇ ಎದೆಯ ಆಪರೇಷನ್ ಇದೆ, ಉಳಿಯುವುದು ಅನುಮಾನವೆಂದು ಡಾಕ್ಟರು ಹೇಳಿದ್ದಾರೆ, ಅದಕ್ಕೇ ಈ ಚಳಿಗಾಲ ಇಲ್ಲಿ ಕಳೆದೆ ಎಂದರು. ಮಳೆ ಬರಬಹುದು ಎಂದಷ್ಟೇ ಸಲೀಸಾಗಿ ಹೇಳಿದರು. ಅತ್ತೆಗೆ ಹೇಳುವಾಗ ಒಂದಿಷ್ಟು ಮೆತ್ತಗೆ ಮಾಡಿ ಹೇಳಿದೆ, ಆದರೆ ಎದೆ ಎಂಬ ಮಾತು ಕೇಳಿದ ತಕ್ಷಣ ಅವರ ಮುಖ ಬಿಳಿಚಿಕೊಂಡಿತು.

"ಹಂಗಾರ ಅನ್ನಲೇಬೇಕು ಅಂತ ಹೇಳು. ಖಾತ್ರಿ ಬರಾರು ಅಂದ್ರೇನು, ಬಿಟ್ರೇನು? ಇಂಥವ್ರಾ ಅನ್ನಬೇಕು."

ಹೇಳಿದೆ. ಮುದುಕರು ತಲೆಯಲ್ಲಾಡಿಸಿದರು. ಆಗದು.

ಅತ್ತೆ ಆಟೊದ ಮುಂದಿನಿಂದ ಇತ್ತ ಸರಿದು ಬಂದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಹೋಗ್ಲಿ, ಅಣ್ಣ ಏನೂ ಅನ್ನದು ಬ್ಯಾಡ. ನಾನಾ ಬರ್ತೀನಿ ಅವ್ರ ಊರಿಗೆ. ಹಂಗಂತ ಹೇಳು" ಎಂದರು. ಬಳ್ಳಾರಿಯಿಂದಾಚೆ ಕಾಲಿಡದ ಹೆಂಗಸು. ಅಂತೂ ಗಂಟು ಬಿಚ್ಚಿತು ಎಂಬ ಸಮಾಧಾನದಲ್ಲಿ ನಾನು ಇದ್ದದ್ದು ಇದ್ದಂತೆ ಅನುವಾದಿಸಿದೆ.

ಮುದುಕರು ಎದ್ದು ನಿಂತು ಅತ್ತೆಯ ಕೈ ಕುಲುಕಿದರು. "ಯಾವಾಗ?" ಎಂದು ಕೇಳಿದರು.

ನಾನು ಗಡಿಯಾರ ನೋಡಿ "ಬೇಸಿಗೆ ಕಳೆದ ಮೇಲೆ" ಎಂದುಬಿಟ್ಟೆ. ಅವರು ತಲೆಯಾಡಿಸಿ ಆಟೊ ಹತ್ತಿದರು. ರೈಲು ಸಿಕ್ಕಿತಂತೆ.

ಮಳೆಗಾಲದಲ್ಲಿ ವಿಡಿಯೊ ಕಾಲ್ ಬಂತು. ಮುದುಕರು ಬಡಕಲಾಗಿದ್ದರು, ಆದರೆ ಇದ್ದರು. ಅತ್ತೆ ಫೋನಿಗೇ ದೃಷ್ಟಿ ತೆಗೆದರು. ಮುದುಕರು ತಮ್ಮ ಫೋನನ್ನು ತಿರುಗಿಸಿ ಒಂದು ಕೋಣೆ ತೋರಿಸಿದರು. ಹೊಸ ಮಂಚ, ದಪ್ಪ ಕಂಬಳಿ, ಗೋಡೆಯ ಬದಿಗೆ ಒಪ್ಪವಾಗಿ ಜೋಡಿಸಿದ ಕಟ್ಟಿಗೆ. ಮಂಚ ಅವರೇ ಮಾಡಿದ್ದು. ಆಪರೇಷನ್ನಿನ ಮೊದಲು ಡಾಕ್ಟರಿಗೆ ಹೇಳಿದ್ದರಂತೆ, "ನನ್ನ ಮನೆಗೆ ದೂರದಿಂದ ಅತಿಥಿ ಬರುವವರಿದ್ದಾರೆ, ಮಂಚ ಇನ್ನೂ ಆಗಿಲ್ಲ, ಆದ್ದರಿಂದ ನಾನು ಸಾಯುವಂತಿಲ್ಲ." ಇದನ್ನೂ ಒಗ್ಗರಣೆಯ ಬಗ್ಗೆ ಹೇಳುತ್ತಿದ್ದ ಮುಖದಲ್ಲೇ ಹೇಳಿದರು. ಯಾವ ವಿಮಾನ ಎಂದು ಕೇಳಿದರು.

ನನಗೆ ನಗು ಬಂತು, ಹಿಂದೆಯೇ ಹೆದರಿಕೆಯೂ ಆಯಿತು. ಇನ್ನು ಈ ಮನುಷ್ಯನನ್ನು ಕಾಯಿಸಬಾರದು, ನಮ್ಮಲ್ಲಿ ಅದು ಬರೀ ಬಾಯಿಮಾತು ಎಂದು ಬಿಡಿಸಿ ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅತ್ತೆ, ಡಾಕ್ಟರಿಗೆ ಏನಂದರು ಎಂದು ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡು, ಫೋನು ಕಿತ್ತುಕೊಂಡರು.

"ಬರ್ತೀನಿ ಅಣ್ಣಾ, ಮಳಿ ಒಂದು ಕಡಿಮಿ ಆಗ್ಲಿ!"

ಮಳೆ ಕಡಿಮೆಯಾಯಿತು. ಆಮೇಲೆ ದಸರಾ ಬಂತು, ಆಮೇಲೆ ಅಲ್ಲಿ ಚಳಿ, ಇಲ್ಲಿ ಆಕಳು ಗಬ್ಬ. ಮುದುಕರು ಪ್ರತಿ ಸಲವೂ ಕೇಳುತ್ತಾರೆ, ಅತ್ತೆ ಪ್ರತಿ ಸಲವೂ ಹೊಸ ಕಾರಣ ಹೇಳುತ್ತಾರೆ, ಮುದುಕರು ನ್ಯಾಯವೇ ಎಂದು ಒಪ್ಪಿ ಕಟ್ಟಿಗೆ ಬದಲಾಯಿಸಲು ಎದ್ದುಹೋಗುತ್ತಾರೆ. ನಡುವೆ ಅತ್ತೆ ನನ್ನ ಗಂಡನ ಪ್ರಾಣ ತಿಂದು ಪಾಸ್‌ಪೋರ್ಟ್ ಮಾಡಿಸಿಕೊಂಡರು. ಇವರು ನಿಜಕ್ಕೂ ಹೊರಟೇಬಿಟ್ಟರಲ್ಲ ಎಂದು ನಾನೂ ಉಣ್ಣೆ ಸ್ವೆಟರ್ ಹುಡುಕತೊಡಗಿದೆ. ಪಾಸ್‌ಪೋರ್ಟ್ ಬಂದ ದಿನ ತಮ್ಮ ಫೋಟೊ ನೋಡಿಕೊಂಡು, ಚೆನ್ನಾಗಿಲ್ಲ ಎಂದು ಬೈದು, ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟು ಬೀಗ ಹಾಕಿದರು.

"ಅತ್ತೀ, ಎಲ್ಲಾ ಆತಲ್ಲ. ಮತ್ತ ಯಾವಾಗ ಹೊರಡಾದು?" ಎಂದೆ.

ಅತ್ತೆ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು.

"ನಾ ಹೋಗೇಬಿಟ್ರ, ಆಮ್ಯಾಲೆ ಆ ಅಣ್ಣ ಯಾದಕ್ಕಂತ ಬದುಕಿರ್ತಾನ?"