ಕೊರಮೀನಿನ ಮರಿಗೆ ಶ್ರಾವಣವಿಲ್ಲ

ಶ್ರಾವಣ ಬಂತೆಂದರೆ ನಮ್ಮ ಮನೆಯಲ್ಲಿ ಮೀನು, ಮಾಂಸ, ಮೊಟ್ಟೆ ಹೊಸ್ತಿಲು ದಾಟುವುದಿಲ್ಲ. ಬಾಡು ಬೇಯಿಸುವ ಪಾತ್ರೆಗಳನ್ನು ಉಜ್ಜಿ ಅಟ್ಟಕ್ಕೇರಿಸುತ್ತೇವೆ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ, ಗಂಟೆ ಹೊಡೆದೇ ನೌಕರಿ ಮುಗಿಸಿದವಳು ನಾನು. ನಿಯಮ ನನಗೆ ಎಂದೂ ಭಾರವೆನಿಸಿದ್ದಿಲ್ಲ. ಹೋದ ವರ್ಷ ಈ ಒಂದು ನಿಯಮವನ್ನು ಮುರಿದೆ. ಅದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ನಿವೃತ್ತಿಯ ನಂತರ ಬೈರಕೂರಿನ ಹತ್ತಿರ ಅಣ್ಣನ ತೋಟದಲ್ಲಿದ್ದೇನೆ. ಅಣ್ಣ ಹೋದ ಮೇಲೆ ತೋಟ ಅತ್ತಿಗೆಯದು. ಟೊಮೆಟೊಗೆಂದು ನೀರು ಕೂಡಿಡುವ ಕೃಷಿ ಹೊಂಡದಲ್ಲಿ ಕೊರಮೀನು ಸಾಕುತ್ತೇನೆಂದಾಗ ಅವರು ಒಂದೇ ಷರತ್ತು ಹಾಕಿದ್ದರು: "ಒಂದ್ಸಲ ನೋಡು. ಮರಿ ಸತ್ತು ನೀರು ನಾರಿದ್ರೆ ಮತ್ತೆ ನೀನು ಹೊಂಡದ ಕಡೆ ಹೋಗಂಗಿಲ್ಲ."

ಆಷಾಢದ ಕೊನೆಗೆ ಮರಿಗಳು ಬಂದವು. ಸೊಳ್ಳೆಪರದೆಯ ಬಟ್ಟೆಯಲ್ಲಿ ತೊಟ್ಟಿಲಿನಂಥ ಗೂಡು ಹೊಲಿದು, ಹೊಂಡದೊಳಗೆ ಕಟ್ಟಿ, ಅದರಲ್ಲಿ ಬಿಟ್ಟೆ. ಬೆಳಿಗ್ಗೆ ಆರಕ್ಕೆ, ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ಒಣ ಸೀಗಡಿ ಪುಡಿ. ಭಾನುವಾರ ಹತ್ತು ಮರಿ ಹಿಡಿದು ಒದ್ದೆ ಸ್ಕೇಲಿನ ಮೇಲೆ ಅಳೆದು ಬರೆದಿಡುತ್ತಿದ್ದೆ.

ಶ್ರಾವಣದ ಮೊದಲ ದಿನ ಸೀಗಡಿ ಡಬ್ಬವನ್ನು ನಾನೇ ಪಂಪ್‌ಹೌಸಿಗೆ ಸಾಗಿಸಿ ಬೀಗ ಹಾಕಿದೆ. ಯಾರೂ ಹೇಳಬೇಕಾಗಲಿಲ್ಲ. ಬದಲಿಗೆ ಸೋಯಾ ಹಿಟ್ಟು, ಕಡಲೆಕಾಯಿ ಹಿಂಡಿ, ರಾಗಿ ಹಿಟ್ಟು ಬೇಯಿಸಿ ಉಂಡೆ ಕಟ್ಟಿ ಹಾಕಿದೆ. ಎರಡನೇ ಭಾನುವಾರ ಅಳತೆ ಒಂದು ಗೆರೆಯೂ ಮುಂದೆ ಹೋಗಿರಲಿಲ್ಲ. ಮರಿಗಳು ಮಂಕಾಗಿ ಮೂಲೆ ಹಿಡಿದಿದ್ದವು. ತುಸು ದೊಡ್ಡವು ಚಿಕ್ಕವುಗಳ ಬಾಲ ಕಚ್ಚುತ್ತಿದ್ದವು. ಗುರುವಾರದ ಹೊತ್ತಿಗೆ ಏಳು ಸತ್ತು ತೇಲಿದ್ದವು.

ಮರಿ ಕೊಟ್ಟಿದ್ದ ಮುಳಬಾಗಿಲಿನ ಹೆಂಗಸಿಗೆ ಫೋನ್ ಮಾಡಿದೆ.

"ಬರೀ ಹಿಂಡಿ ಹಾಕ್ತಿದೀರಾ ಮೇಡಂ? ಅದ್ರಲ್ಲಿ ಟಾರಿನ್ ಎಲ್ಲಿರುತ್ತೆ?"

ಟಾರಿನ್ ಎಂಬುದು ಪ್ರಾಣಿಗಳ ಮೈಯಲ್ಲಿರುವ ಒಂದು ಸತ್ವವಂತೆ. ಕಾಳು, ಹಿಂಡಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೇಟೆಯಾಡುವ ಮೀನಿನ ಎಳೆ ಮರಿ ಅದನ್ನು ತನ್ನ ಮೈಯಲ್ಲೇ ಸಾಕಷ್ಟು ಮಾಡಿಕೊಳ್ಳಲಾರದು. ಕೆರೆಯಲ್ಲಿ ಹುಟ್ಟಿದ ಮರಿಗೆ ನೀರಿನ ಹುಳುಗಳಿಂದ ಸಿಗುತ್ತದೆ. ಸಾಕಿದ ಮರಿಗೆ ನಾವೇ ಕೊಡಬೇಕು.

ಯಾವುದನ್ನೂ ಅರ್ಧ ಹೇಳಿ ಗೊತ್ತಿಲ್ಲದ ನಾನು ಅತ್ತಿಗೆಗೆ ಆ ಹೆಸರು ಬಂದ ಬಗೆಯನ್ನೂ ವಿವರಿಸಿದೆ: ಮೊದಲು ಸಿಕ್ಕಿದ್ದು ಎತ್ತಿನ ಪಿತ್ತದಲ್ಲಿ, ಅದಕ್ಕೇ ಲ್ಯಾಟಿನ್ನಿನಲ್ಲಿ ಎತ್ತಿಗಿರುವ ಹೆಸರು. ಅದೇ ತಪ್ಪಾಯಿತು. ಮರುದಿನ ಡೈರಿಯಲ್ಲಿ ಹಾಲು ಅಳೆಯುವವಳು ಎಲ್ಲರೆದುರು ಕೇಳಿದಳು: "ಏಮಮ್ಮಾ ಮೇಡಮ್ಮಾ, ಮೀನಿಗೆ ಎತ್ತಿನ ಪಿತ್ತ ಹಾಕ್ತೀರಂತೆ? ಅದೂ ಶ್ರಾವಣದಾಗೆ!"

ಸಾಲಿನಲ್ಲಿದ್ದವರೆಲ್ಲ ನಕ್ಕರು.

"ಎತ್ತು ಕೊಡಲ್ಲ ಅಂತು. ಅದಕ್ಕೇ ನಾಳೆಯಿಂದ ಸೀಗಡಿ ಹಾಕ್ತೀನಿ," ಎಂದೆ. ಅಷ್ಟು ಜನರ ಮುಂದೆ ಹೇಳಿಯಾಗಿತ್ತು.

ಮನೆಗೆ ಬರುವಾಗ ಹಾಸ್ಟೆಲಿನ ಒಂದು ಶ್ರಾವಣ ನೆನಪಾಯಿತು. ಪ್ರತಿ ವರ್ಷ ಆ ತಿಂಗಳು ಮಕ್ಕಳ ಮೊಟ್ಟೆ ನಿಲ್ಲಿಸುತ್ತಿದ್ದೆ. ಯಾರ ಆದೇಶವೂ ಇರಲಿಲ್ಲ; ಮನೆಯ ನಿಯಮವನ್ನು ಅಲ್ಲಿಗೂ ಹೊತ್ತುಕೊಂಡು ಹೋಗಿದ್ದೆ. ತೂಕದ ಯಂತ್ರದ ಮೇಲೆ ನಿಂತಿದ್ದ ಒಬ್ಬಳು, "ಮಿಸ್, ಶ್ರಾವಣದಲ್ಲಿ ನಾವು ಬೆಳೆಯೋದೂ ನಿಲ್ಲಿಸ್ಬೇಕಾ?" ಎಂದಳು. ಅಧಿಕಪ್ರಸಂಗ ಎಂದು ಗದರಿದೆ. ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಗದರಿದ್ದು.

ಮರುದಿನ ಶನಿವಾರ. ಪಂಪ್‌ಹೌಸಿನ ಬಾಗಿಲು ಹಾಕಿಕೊಂಡು ಗುಟ್ಟಾಗಿ ಪುಡಿ ಮಾಡಬಹುದಿತ್ತು. ಕದ್ದು ಮಾಡುವ ಅಭ್ಯಾಸ ನನಗಿಲ್ಲ. ಆರಕ್ಕೆ ಐದು ನಿಮಿಷವಿದ್ದಾಗ ಅಂಗಳದ ಮಧ್ಯೆ ಕೂತು ಕುಟ್ಟಾಣಿಯಲ್ಲಿ ಸೀಗಡಿ ಕುಟ್ಟತೊಡಗಿದೆ. ಅತ್ತಿಗೆ ಪೂಜೆಗೆ ಹೂವು ಬಿಡಿಸಿಕೊಂಡು ಬರುತ್ತಿದ್ದವರು ಅಲ್ಲೇ ನಿಂತರು.

"ಶ್ರಾವಣ ಶನಿವಾರ ಕಣೇ ಇವತ್ತು! ನಿಂಗೆ ತಲೆ ನೆಟ್ಟಗಿದೆಯಾ?"

"ನೆಟ್ಟಗಿದೆ ಅತ್ತಿಗೆ. ಒಪ್ಪೊತ್ತು ನಾನಿರ್ತೀನಿ. ಮರಿಗಳು ಇರಲ್ಲ."

"ಒಂದು ತಿಂಗ್ಳು ಹಿಂಡಿ ತಿಂದ್ರೆ ಸತ್ತೋಗ್ತವಾ?"

"ಏಳು ಸತ್ತಿವೆ. ನಿಮ್ಮೂರು ದೇವರಾಯಸಮುದ್ರದ ಕೆರೇಲಿ ಕೊರಮೀನಿನ ಮರಿ ನೋಡಿದೀರಲ್ಲ?"

"ನೋಡ್ದೆ ಏನು? ಕೆಂಪಗೆ ಗುಂಪು ಕಟ್ಕೊಂಡು ಹೋಗ್ತವೆ. ಕೆಳಗೆ ತಾಯಿ ಕಾವಲು. ಕಾಲಿಟ್ರೆ ಕಚ್ಚಕ್ಕೇ ಬರ್ತದೆ."

"ಶ್ರಾವಣದಲ್ಲಿ ಅವಕ್ಕೆ ಹಿಂಡಿ ಯಾರು ಹಾಕ್ತಿದ್ರು?"

ಅತ್ತಿಗೆ ಹೂವಿನ ಬುಟ್ಟಿಯನ್ನು ಕೈಯಿಂದ ಕೈಗೆ ಬದಲಾಯಿಸಿದರು.

"ಆ ಕುಟ್ಟಾಣಿ ಇನ್ನು ಮನೆಯೊಳಕ್ಕೆ ಬರಂಗಿಲ್ಲ."

"ಬರಲ್ಲ."

"ಅದನ್ನ ಮುಟ್ಟಿ, ಸ್ನಾನ ಮಾಡ್ದೆ ನೀನೂ ಬರಂಗಿಲ್ಲ."

"ನಾಲ್ಕು ಹೊತ್ತೂ ಮಾಡ್ತೀನಿ."

ಮಾಡಿದೆ. ಶ್ರಾವಣ ಮುಗಿಯುವವರೆಗೆ ದಿನಕ್ಕೆ ನಾಲ್ಕು ಸಲ ತಲೆಗೆ ನೀರು ಹಾಕಿಕೊಂಡೆ, ನೆಗಡಿಯನ್ನೂ ಬರಿಸಿಕೊಂಡೆ. ಮರಿ ಸಾಯುವುದು ಮೊದಲು ಕಡಿಮೆಯಾಯಿತು, ಆಮೇಲೆ ನಿಂತಿತು. ಕೊನೆಯ ಭಾನುವಾರ ಅಳೆಯುವಾಗ ಅತ್ತಿಗೆ ಮೂಗಿಗೆ ಸೆರಗು ಹಿಡಿದುಕೊಂಡು ಹೊಂಡದ ಏರಿ ಹತ್ತಿ ಬಂದರು.

"ಎಷ್ಟಾಯ್ತೇ?"

ಸ್ಕೇಲನ್ನು ಅವರತ್ತ ಚಾಚಿದೆ. ಬಗ್ಗಿ ನೋಡಿದರು. ಸೆರಗು ಮೂಗಿನಿಂದ ಜಾರಿತ್ತು.

"ನೀರೇನೂ ನಾರ್ತಿಲ್ಲ," ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ಮುಂದಿನ ವರ್ಷ ಮರೀನ ಒಂದು ತಿಂಗ್ಳು ಮೊದಲೇ ತಂದ್ಬಿಡು. ಶ್ರಾವಣಕ್ಕೆ ದೊಡ್ಡವಾಗಿರ್ತವೆ."

"ದೊಡ್ಡವಾದ್ರೂ ಶ್ರಾವಣದಲ್ಲಿ ಸೀಗಡೀನೇ ತಿಂತವೆ ಅತ್ತಿಗೆ."

ಕುಟ್ಟಾಣಿ ಈಗಲೂ ಹೊಂಡದ ಏರಿಯ ಮೇಲಿದೆ.